ಟೊಪೊಶೀಟಿನ ಇಳಿಜಾರು ನೆಲಕ್ಕೆ ಹೊಂದದಿದ್ದಾಗ: ದೋಷ ಪತ್ತೆಯ ಕೈಪಿಡಿ

ಟೊಪೊಶೀಟಿನಿಂದ, ಅಂದರೆ ನೆಲದ ಏರಿಳಿತವನ್ನೂ ತೋರಿಸುವ ಸರ್ವೇ ನಕ್ಷೆಯಿಂದ, ಲೆಕ್ಕ ಹಾಕಿದ ಇಳಿಜಾರು ಕಣ್ಣೆದುರಿನ ಗುಡ್ಡಕ್ಕೆ ಹೊಂದದಿದ್ದರೆ ನಮ್ಮಲ್ಲಿ ಹೆಚ್ಚಿನವರು ಅದೇ ಲೆಕ್ಕವನ್ನು ಅದೇ ಕ್ರಮದಲ್ಲಿ ಇನ್ನೊಮ್ಮೆ ಮಾಡುತ್ತಾರೆ. ಮೊದಲ ಸಲ ನುಸುಳಿದ ತಪ್ಪು ಎರಡನೆಯ ಸಲವೂ ನುಸುಳುತ್ತದೆ, ಉತ್ತರ ಮತ್ತೆ ಅದೇ ಬರುತ್ತದೆ, ಕೊನೆಗೆ ನಕ್ಷೆಯೇ ಸರಿಯಿಲ್ಲವೆಂದು ಅದನ್ನು ಮಡಚಿಡುತ್ತಾರೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಾಳೆಗಳೊಂದಿಗೆ ಹಲವು ವರ್ಷ ಕೆಲಸ ಮಾಡಿದ ಮೇಲೆ ನಾನು ಹೇಳಬಲ್ಲ ಮಾತೆಂದರೆ, ನಕ್ಷೆ ತಪ್ಪಿರುವ ಸಂದರ್ಭಗಳು ಅಪರೂಪ. ನಾವು ಅದನ್ನು ಓದಿದ ರೀತಿ ತಪ್ಪಿರುವುದೇ ಹೆಚ್ಚು. ಇಳಿಜಾರಿನ ಲೆಕ್ಕ ಒಂದೇ ಒಂದು ಭಾಗಾಕಾರವಾದ್ದರಿಂದ ಅದರಲ್ಲಿ ಆಗುವ ಪ್ರತಿಯೊಂದು ತಪ್ಪೂ ಉತ್ತರವನ್ನು ಒಂದು ನಿರ್ದಿಷ್ಟ ಪಟ್ಟು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಆ ಪಟ್ಟು ಎಷ್ಟೆಂದು ತಿಳಿದರೆ ದೋಷ ಎಲ್ಲಿದೆಯೆಂಬುದೂ ತಿಳಿಯುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದ ನಂತರ, ತಮ್ಮ ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ಗೋಡೆ) ಎಷ್ಟು ಕಡಿದಾಗಿದೆಯೆಂದು ನಕ್ಷೆಯಿಂದ ತಿಳಿಯಲು ಬಯಸುವವರು ಮಲೆನಾಡಿನ ಉದ್ದಕ್ಕೂ ಹೆಚ್ಚಿದ್ದಾರೆ. ಇಳಿಜಾರೊಂದೇ ಕುಸಿತವನ್ನು ನಿರ್ಧರಿಸುವುದಿಲ್ಲ. ಮಣ್ಣಿನ ಆಳ, ಮಳೆ, ನೀರು ಹೊರಹೋಗುವ ದಾರಿ, ಬುಡ ಕಡಿದ ರೀತಿ ಎಲ್ಲವೂ ಸೇರುತ್ತವೆ. ಆದರೂ 14 ಡಿಗ್ರಿ ಎಂದುಕೊಂಡ ಜಾಗ ವಾಸ್ತವದಲ್ಲಿ 26 ಡಿಗ್ರಿ ಇದ್ದರೆ ಆ ವ್ಯತ್ಯಾಸವನ್ನು ಲಘುವಾಗಿ ಕಾಣಲಾಗದು.

ಹೋಲಿಕೆಗೆ ಒಂದು ಸರಿಯಾದ ಲೆಕ್ಕ

ದೋಷ ಹುಡುಕುವ ಮೊದಲು ದೋಷವಿಲ್ಲದ ಒಂದು ಲೆಕ್ಕ ಕೈಯಲ್ಲಿರಬೇಕು. 1:50,000 ಪ್ರಮಾಣದ ಹಾಳೆಯಲ್ಲಿ ನಕ್ಷೆಯ 1 ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಈ ಹಾಳೆಗಳಲ್ಲಿ ಕಂದು ಬಣ್ಣದ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ನಡುವಿನ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್, ಪ್ರತಿ ಐದನೆಯ ರೇಖೆ ದಪ್ಪ. ಒಂದು ಗುಡ್ಡದ ಬದಿಯಲ್ಲಿ 860 ಮೀಟರಿನ ರೇಖೆಯಿಂದ 1060 ಮೀಟರಿನ ರೇಖೆಗೆ, ರೇಖೆಗಳನ್ನು ನೇರವಾಗಿ ಅಡ್ಡ ಹಾಯುವಂತೆ ಅಳೆದಾಗ, 1.6 ಸೆಂಟಿಮೀಟರ್ ಬಂದಿದೆಯೆಂದು ಇಟ್ಟುಕೊಳ್ಳೋಣ. ಏರಿಕೆ 200 ಮೀಟರ್, ಸಮತಲ ದೂರ 800 ಮೀಟರ್, ಭಾಗಿಸಿದರೆ 0.25. ಇದನ್ನು ಶೇಕಡಾ 25 ಎನ್ನಬಹುದು, ನಾಲ್ಕಕ್ಕೆ ಒಂದು ಎನ್ನಬಹುದು, 14 ಡಿಗ್ರಿ ಎನ್ನಬಹುದು. ಮೂರೂ ಒಂದೇ ವಾಟ. ಮುಂದಿನ ತಪಾಸಣೆಯನ್ನೆಲ್ಲ ಈ ಗುಡ್ಡದ ಮೇಲೆಯೇ ಮಾಡುತ್ತೇನೆ.

ನಿಮ್ಮ ಲೆಕ್ಕದಲ್ಲಿ ಸರಿಯಾದ ಉತ್ತರ ಯಾವುದೆಂದು ಮೊದಲೇ ಗೊತ್ತಿರುವುದಿಲ್ಲ, ನಿಜ. ಆದರೆ ಅಂದಾಜು ಸಿಗುತ್ತದೆ: ನೆಲವನ್ನು ಕಂಡ ನೆನಪು, ಅದೇ ಹಾಳೆಯಲ್ಲಿ ಬೇರೊಬ್ಬರು ಮಾಡಿದ ಲೆಕ್ಕ, ಅಥವಾ ಕ್ಲೈನೋಮೀಟರಿನ (ಇಳಿಜಾರಿನ ಕೋನ ಅಳೆಯುವ ಉಪಕರಣದ) ಒಂದು ಅಳತೆ ಸಾಕು. ನಿಮ್ಮ ಉತ್ತರವನ್ನು ಆ ಅಂದಾಜಿನಿಂದ ಭಾಗಿಸಿ, ಬಂದ ಪಟ್ಟನ್ನು ಕಾಗದದ ಅಂಚಿನಲ್ಲಿ ಬರೆದುಕೊಳ್ಳಿ.

ಮೂರು ಪಟ್ಟಿಗಿಂತ ಹೆಚ್ಚು ಕಡಿದಾಗಿ ಬಂದರೆ

ಮೂರೂಕಾಲು ಪಟ್ಟಿನ ಆಸುಪಾಸು ಕಂಡಕೂಡಲೇ ಅಡಿಯನ್ನು ಅನುಮಾನಿಸಬೇಕು. ಒಂದು ಮೀಟರ್ ಎಂದರೆ 3.28 ಅಡಿ. ಮೆಟ್ರಿಕ್ ಪದ್ಧತಿಗೆ ಮುಂಚಿನ ಹಾಳೆಗಳು ಅಂಗುಲಕ್ಕೆ ಒಂದು ಮೈಲಿಯ ಪ್ರಮಾಣದಲ್ಲಿವೆ, ಅಂದರೆ 1:63,360. ಅವುಗಳಲ್ಲಿ ಎತ್ತರಗಳು ಅಡಿಯಲ್ಲಿರುತ್ತವೆ. ಕಾಲೇಜುಗಳ ಭೂಗೋಳ ವಿಭಾಗಗಳಲ್ಲಿ, ಹಳೆಯ ಎಸ್ಟೇಟುಗಳ ಕಪಾಟುಗಳಲ್ಲಿ ಇಂತಹ ಹಾಳೆಗಳು ಇಂದಿಗೂ ಬಳಕೆಯಲ್ಲಿವೆ, ಮತ್ತು ನೋಟಕ್ಕೆ ಅವು ಹೊಸ ಹಾಳೆಗಳಂತೆಯೇ ಇರುತ್ತವೆ.

ಇಲ್ಲಿ ಎರಡು ತಪ್ಪುಗಳು ಜೊತೆಯಾಗಿ ಬರುವ ಅಪಾಯ ದೊಡ್ಡದು. ಅಂತಹ ಹಾಳೆಯಲ್ಲಿ ಒಂದು ಸೆಂಟಿಮೀಟರ್ ದೂರದಲ್ಲಿ 500 ಅಡಿ ಏರಿಕೆ ಇದೆಯೆಂದುಕೊಳ್ಳಿ. 500 ಅಡಿ ಎಂದರೆ 152.4 ಮೀಟರ್, ಆ ಪ್ರಮಾಣದಲ್ಲಿ ಒಂದು ಸೆಂಟಿಮೀಟರ್ ಎಂದರೆ 633.6 ಮೀಟರ್, ಇಳಿಜಾರು ಶೇಕಡಾ 24. ಅಡಿಯನ್ನು ಮೀಟರ್ ಎಂದು ಓದಿದರೆ ಶೇಕಡಾ 79 ಬರುತ್ತದೆ. ಅದರ ಜೊತೆಗೆ, ಅಭ್ಯಾಸಬಲದಿಂದ ಸೆಂಟಿಮೀಟರಿಗೆ 500 ಮೀಟರ್ ಎಂದು ಹಿಡಿದರೆ ಸರಿಯಾಗಿ ಶೇಕಡಾ 100 ಬರುತ್ತದೆ, ಅಂದರೆ 45 ಡಿಗ್ರಿ. ಅಷ್ಟು ಸುಂದರವಾದ ಪೂರ್ಣಾಂಕ ಬಂದಾಗ ಲೆಕ್ಕ ಸರಿಯಿದೆಯೆಂಬ ನಂಬಿಕೆ ಹುಟ್ಟುತ್ತದೆ. ನಾನು ಕಂಡ ತಪ್ಪುಗಳಲ್ಲೆಲ್ಲ ಇದೇ ಹೆಚ್ಚು ಮೋಸ ಮಾಡುವಂಥದ್ದು. ಹೀಗಾಗಿ 3.28 ಪಟ್ಟು ಅಡಿಯ ಗುರುತು, ಸುಮಾರು 1.27 ಪಟ್ಟು ಹಳೆಯ ಪ್ರಮಾಣದ ಗುರುತು, ಎರಡೂ ಸೇರಿದ 4.16 ಪಟ್ಟು ಎರಡರದ್ದೂ ಗುರುತು. ಹಾಳೆಯ ಕೆಳ ಅಂಚಿನಲ್ಲಿ ಪ್ರಮಾಣ, ಎತ್ತರದ ಏಕಮಾನ, ರೇಖೆಗಳ ಅಂತರ ಈ ಮೂರನ್ನೂ ಓದಿ ಬರೆದುಕೊಳ್ಳದೆ ಸ್ಕೇಲು ಕೈಗೆತ್ತಿಕೊಳ್ಳಬಾರದು.

ಉತ್ತರ ಐದು ಪಟ್ಟು ತಪ್ಪಿದ್ದರೆ ದಪ್ಪ ರೇಖೆಯನ್ನು ನೋಡಿ. ಎರಡು ದಪ್ಪ ರೇಖೆಗಳ ನಡುವೆ 100 ಮೀಟರ್ ಇರುವಾಗ ಅದನ್ನು 20 ಎಂದು ಹಿಡಿದರೆ ಇಳಿಜಾರು ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸಣ್ಣ ರೇಖೆಯ ಅಂತರವನ್ನು 100 ಎಂದು ಹಿಡಿದರೆ ಐದು ಪಟ್ಟು ಏರುತ್ತದೆ.

ಒಂದೂವರೆಯ ಒಳಗಿನ ಪಟ್ಟುಗಳು

ಇವು ನಂಬುವಂತಿರುವ ತಪ್ಪುಗಳಾದ್ದರಿಂದ ಹೆಚ್ಚು ಎಚ್ಚರ ಬೇಡುತ್ತವೆ. ಒಮ್ಮೆ ಒಂದು ಜಲಾನಯನ ಕೆಲಸಕ್ಕಾಗಿ ಗುಡ್ಡದ ಬದಿಗಳ ಇಳಿಜಾರನ್ನು ಲೆಕ್ಕ ಹಾಕಿದಾಗ, ನೆಲದಲ್ಲಿ ಕ್ಲೈನೋಮೀಟರ್ ಹಿಡಿದು ನೋಡಿದ ಕಡೆಯಲ್ಲೆಲ್ಲ ನನ್ನ ಅಂಕಿಗಳು ಹೆಚ್ಚಾಗಿದ್ದವು. ಎಲ್ಲ ಕಡೆಯೂ ಸರಿಸುಮಾರು 1.4 ಪಟ್ಟು. ಒಂದೊಂದು ಕಡೆ ಒಂದೊಂದು ರೀತಿ ತಪ್ಪಿದ್ದರೆ ಅಳತೆಯ ಕೈತಪ್ಪು ಎನ್ನಬಹುದಿತ್ತು. ಎಲ್ಲ ಕಡೆ ಒಂದೇ ಪಟ್ಟು ತಪ್ಪಿದ್ದರಿಂದ ಕಾರಣವೂ ಒಂದೇ ಇರಬೇಕಿತ್ತು, ಅದು ಹಾಳೆಯಲ್ಲೇ ಇರಬೇಕಿತ್ತು. ನನಗೆ ಕೊಟ್ಟಿದ್ದ ಜೆರಾಕ್ಸ್ ಪ್ರತಿಯನ್ನು ಎ-3 ಕಾಗದದಿಂದ ಎ-4ಕ್ಕೆ ಕುಗ್ಗಿಸಲಾಗಿತ್ತು. ಹಾಗೆ ಕುಗ್ಗಿಸಿದಾಗ ಪ್ರತಿಯೊಂದು ಉದ್ದವೂ ಮೂಲದ ಶೇಕಡಾ 71ಕ್ಕೆ ಇಳಿಯುತ್ತದೆ; ಆದರೆ ಅಂಚಿನಲ್ಲಿ ಅಚ್ಚಾದ 1:50,000 ಎಂಬ ಅಂಕಿ ಹಾಗೆಯೇ ಉಳಿಯುತ್ತದೆ. ನಮ್ಮ ಮಾದರಿ ಗುಡ್ಡದ 1.6 ಸೆಂಟಿಮೀಟರ್ ಅಲ್ಲಿ 1.13 ಆಗುತ್ತದೆ, ಶೇಕಡಾ 25 ಎಂಬುದು 35 ಆಗುತ್ತದೆ.

ಇದಕ್ಕೆ ಖಚಿತ ಪರೀಕ್ಷೆಯಿದೆ. ಅಂಚಿನ ಅಳತೆ ಪಟ್ಟಿಯು ನಕ್ಷೆಯೊಂದಿಗೇ ಕುಗ್ಗುವುದರಿಂದ ಅದನ್ನು ಬಳಸಿ ಅಳೆದರೆ ತಪ್ಪಾಗದು. ಪಟ್ಟಿ ಪ್ರತಿಯಲ್ಲಿ ಬಿಟ್ಟುಹೋಗಿದ್ದರೆ ಅಕ್ಷಾಂಶದ ಗುರುತುಗಳನ್ನು ನಂಬಬಹುದು. ಕರ್ನಾಟಕದ ಅಕ್ಷಾಂಶಗಳಲ್ಲಿ ಉತ್ತರ–ದಕ್ಷಿಣವಾಗಿ 5 ನಿಮಿಷವೆಂದರೆ ಸುಮಾರು 9.22 ಕಿಲೋಮೀಟರ್. 1:50,000 ಹಾಳೆಯಲ್ಲಿ ಅದು 18.4 ಸೆಂಟಿಮೀಟರ್ ಬರಬೇಕು. ಅಂಗುಲದ ಹಾಳೆಯಾದರೆ 14.6, ಶೇಕಡಾ 71ಕ್ಕೆ ಕುಗ್ಗಿದ 1:50,000 ಪ್ರತಿಯಾದರೆ ಸುಮಾರು 13. ಒಂದೇ ಅಳತೆಯಿಂದ ಪ್ರಮಾಣದ ಗೊಂದಲ ಮತ್ತು ಪ್ರತಿಯ ಕುಗ್ಗುವಿಕೆ ಎರಡೂ ಬಯಲಾಗುವುದರಿಂದ ನಾನು ಈಗ ಯಾವ ಹಾಳೆಯನ್ನು ತೆರೆದರೂ ಮೊದಲು ಇದನ್ನೇ ಅಳೆಯುತ್ತೇನೆ. ಪಿಡಿಎಫ್ ಕಡತವನ್ನು ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ತಾನಾಗಿ ಆನ್ ಆಗಿರುವುದು ಸಾಮಾನ್ಯ. ಆಗ ಕುಗ್ಗುವಿಕೆ 71 ಅಥವಾ ಇಂತಹ ಯಾವುದೇ ಪರಿಚಿತ ಅಂಕಿಯಾಗಿರುವುದಿಲ್ಲ, ಆದ್ದರಿಂದ ಅಕ್ಷಾಂಶದ ಪರೀಕ್ಷೆಯೊಂದೇ ದಾರಿ.

ಪಟ್ಟು 1.1ರ ಹತ್ತಿರವಿದ್ದರೆ ಎಣಿಕೆಯನ್ನು ನೋಡಬೇಕು. 860ರಿಂದ 1060ರವರೆಗೆ, ಎರಡು ತುದಿಗಳನ್ನೂ ಸೇರಿಸಿ, ಹನ್ನೊಂದು ರೇಖೆಗಳಿವೆ. ಅವುಗಳ ನಡುವಿನ ಅಂತರಗಳು ಹತ್ತೇ. ಬೇಲಿಯ ಹನ್ನೊಂದು ಕಂಬಗಳ ನಡುವೆ ಹತ್ತು ಅಂಕಣಗಳಿರುವಂತೆ. ರೇಖೆಗಳನ್ನೇ ಎಣಿಸಿ 20ರಿಂದ ಗುಣಿಸಿದವರಿಗೆ 220 ಮೀಟರ್, ಶೇಕಡಾ 27.5 ಸಿಗುತ್ತದೆ. ಈ ತಪ್ಪಿನ ಪ್ರಭಾವ ಉದ್ದ ಗುಡ್ಡದಲ್ಲಿ ಕಡಿಮೆ. ಎರಡೇ ಅಂತರಗಳ ಚಿಕ್ಕ ದಿಣ್ಣೆಯಲ್ಲಿ ಒಂದೂವರೆ ಪಟ್ಟು. ಕಡಿದಾದ ಘಟ್ಟದಲ್ಲಿ ರೇಖೆಗಳು ಒಂದಕ್ಕೊಂದು ಅಂಟಿಕೊಂಡು ಎಣಿಸಲಾಗದಿದ್ದರೆ ಎಣಿಸುವ ಗೋಜಿಗೇ ಹೋಗದೆ, ದಪ್ಪ ರೇಖೆಗಳ ಮೇಲೆ ಬರೆದ ಎತ್ತರಗಳನ್ನು ಓದಿ ಕಳೆಯಬೇಕು. ಅಣೆಕಟ್ಟಿನ ಏರಿ ಅಥವಾ ಹಳ್ಳದ ದಡದ ಬಳಿ ಅಂಕಿಯ ಪಕ್ಕದಲ್ಲಿ ಆರ್ ಅಕ್ಷರ ಕಂಡರೆ ಅದು ಸುತ್ತಲಿನ ನೆಲದಿಂದ ಅಳೆದ ಎತ್ತರ, ಸಮುದ್ರಮಟ್ಟದಿಂದಲ್ಲ. ಅದನ್ನು ಈ ಲೆಕ್ಕಕ್ಕೆ ತರಬಾರದು.

ಕೋನದ ಗೊಂದಲ

ಶೇಕಡಾ 25 ಮತ್ತು 25 ಡಿಗ್ರಿ ಬೇರೆ ಬೇರೆ. 25 ಡಿಗ್ರಿಯ ಇಳಿಜಾರು ಶೇಕಡಾ 46.6, ಶೇಕಡಾ 100 ಎಂದರೆ ನೆಟ್ಟಗೆ ನಿಂತ ಗೋಡೆಯಲ್ಲ, 45 ಡಿಗ್ರಿ ಮಾತ್ರ. ಇಬ್ಬರು ಒಂದೇ ಗುಡ್ಡದ ಬಗ್ಗೆ ವಾದ ಮಾಡುತ್ತಿದ್ದು, ಒಬ್ಬರ ಅಂಕಿ ಇನ್ನೊಬ್ಬರದರ ಸುಮಾರು ಒಂದೂಮುಕ್ಕಾಲು ಪಟ್ಟು ಇದ್ದರೆ ಅವರಿಬ್ಬರೂ ಸರಿಯಾಗಿಯೇ ಅಳೆದಿದ್ದಾರೆ, ಹೇಳುವ ಏಕಮಾನ ಮಾತ್ರ ಬೇರೆಯಾಗಿದೆ.

ಕ್ಯಾಲ್ಕುಲೇಟರಿನ ದೋಷಗಳನ್ನು ಗುರುತಿಸುವುದು ಸುಲಭ. ಭಾಗಲಬ್ಧವನ್ನು ಡಿಗ್ರಿಗೆ ತಿರುಗಿಸಲು 0.25ಕ್ಕೆ ವಿಲೋಮ ಟ್ಯಾನ್ (tan⁻¹) ಒತ್ತಿದಾಗ 14.04 ಬರಬೇಕು. 0.245 ಬಂದರೆ ಯಂತ್ರ ರೇಡಿಯನ್‌ನಲ್ಲಿದೆ, 15.6 ಬಂದರೆ ಗ್ರೇಡ್ ಎಂಬ ಬೇರೊಂದು ಏಕಮಾನದಲ್ಲಿದೆ, 0.0044 ಬಂದರೆ ವಿಲೋಮದ ಬದಲು ಬರಿಯ ಟ್ಯಾನ್ ಒತ್ತಲಾಗಿದೆ. ಲೆಕ್ಕ ಆರಂಭಿಸುವ ಮೊದಲು 1ರ ವಿಲೋಮ ಟ್ಯಾನ್ 45 ಬರುತ್ತದೆಯೇ ಎಂದು ನೋಡಿಕೊಂಡರೆ ಈ ಮೂರೂ ತಪ್ಪುತ್ತವೆ.

ನಕ್ಷೆಯಲ್ಲಿ ಅಳೆದ ದೂರ ಸಮತಲ ದೂರವೆಂಬುದನ್ನು ಮರೆತು, ನೆಲದ ಮೇಲೆ ಟೇಪು ಹಿಡಿದು ಅಳೆದ ಓರೆ ದೂರವನ್ನು ಅದರ ಜಾಗದಲ್ಲಿ ಬಳಸುವವರೂ ಇದ್ದಾರೆ. ನಮ್ಮ ಗುಡ್ಡದಲ್ಲಿ ಓರೆ ದೂರ 825 ಮೀಟರಿಗೆ ಹತ್ತಿರ, ಉತ್ತರ ಶೇಕಡಾ 24.3, ವ್ಯತ್ಯಾಸ ಅಲ್ಪ. ಆದರೆ 30 ಡಿಗ್ರಿಯ ಬರೆಯಲ್ಲಿ ಶೇಕಡಾ 58 ಇರಬೇಕಾದದ್ದು 50ಕ್ಕೆ ಇಳಿಯುತ್ತದೆ, ಆದ್ದರಿಂದ ಕಡಿದಾದ ಕಡೆ ಇದನ್ನು ಬಿಡಲಾಗದು.

ಗೆರೆ ಎಳೆದ ದಿಕ್ಕು ಮತ್ತು ಸರಾಸರಿ ಮುಚ್ಚಿಟ್ಟ ಕಡಿದು

ಇಲ್ಲಿಯವರೆಗಿನವು ಅಂಕಿಯ ತಪ್ಪುಗಳು. ಇನ್ನು ಹೇಳಲಿರುವುದರಲ್ಲಿ ಪ್ರತಿ ಅಂಕಿಯೂ ಸರಿಯಿರುತ್ತದೆ, ಆದರೂ ಉತ್ತರ ನೆಲವನ್ನು ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ.

ಗುಡ್ಡದ ನಿಜವಾದ ಇಳಿಜಾರೆಂದರೆ ಸುರಿದ ನೀರು ಹಿಡಿಯುವ ದಾರಿಯ ಇಳಿಜಾರು, ಅಂದರೆ ಸಮೋನ್ನತಿ ರೇಖೆಗೆ ಲಂಬವಾದ ದಿಕ್ಕಿನದು. ಅಳೆಯುವ ಗೆರೆ ಆ ದಾರಿಯಿಂದ ಓರೆಯಾದಷ್ಟೂ ದೂರ ಹೆಚ್ಚುತ್ತದೆ, ಇಳಿಜಾರು ಕಡಿಮೆಯಾದಂತೆ ಕಾಣುತ್ತದೆ. 60 ಡಿಗ್ರಿ ಓರೆಯಾದರೆ 1.6 ಸೆಂಟಿಮೀಟರ್ 3.2 ಆಗಿ, ಶೇಕಡಾ 25ರ ಗುಡ್ಡ 12.5 ಎಂದು ತೋರುತ್ತದೆ. ತನ್ನ ಜಮೀನಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗೆರೆ ಎಳೆದು ಅಳೆಯುವವರಿಗೆ ಸಾಮಾನ್ಯವಾಗಿ ಆಗುವುದು ಇದೇ: ಜಮೀನಿನ ಗಡಿ ನೀರಿನ ದಾರಿಯನ್ನು ಅನುಸರಿಸಿರುವುದಿಲ್ಲ. ಗೆರೆಯು ನಡುವೆ ಒಂದು ಹಳ್ಳವನ್ನೋ ಏಣನ್ನೋ ದಾಟಿದರಂತೂ ಉತ್ತರಕ್ಕೆ ಅರ್ಥವೇ ಇಲ್ಲ. ಒಂದೇ ಎತ್ತರದ ರೇಖೆಯನ್ನು ಗೆರೆ ಎರಡು ಸಲ ಹಾದಿದ್ದರೆ ಅದನ್ನು ತುಂಡು ಮಾಡಿ ಪ್ರತಿ ಬದಿಯನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು.

ನಮ್ಮ ಮಾದರಿ ಗುಡ್ಡಕ್ಕೆ ಮತ್ತೆ ಬರೋಣ. ಅದರ 1.6 ಸೆಂಟಿಮೀಟರಿನಲ್ಲಿ ಕೆಳಗಿನ ಐದು ಅಂತರಗಳು 1.2 ಸೆಂಟಿಮೀಟರನ್ನೂ ಮೇಲಿನ ಐದು 0.4 ಸೆಂಟಿಮೀಟರನ್ನೂ ಆಕ್ರಮಿಸಿವೆ ಎನ್ನೋಣ. ಆಗ ಕೆಳಭಾಗದ ಇಳಿಜಾರು 600 ಮೀಟರಿಗೆ 100, ಅಂದರೆ ಶೇಕಡಾ 16.7, ಮೇಲ್ಭಾಗದ್ದು 200 ಮೀಟರಿಗೆ 100, ಅಂದರೆ ಶೇಕಡಾ 50, ಸುಮಾರು 26.6 ಡಿಗ್ರಿ. ಒಟ್ಟು ಲೆಕ್ಕದ ಶೇಕಡಾ 25 ತಪ್ಪಲ್ಲ, ಆದರೆ ಆ ಗುಡ್ಡದಲ್ಲಿ ಶೇಕಡಾ 25 ಇರುವ ಜಾಗವೇ ಇಲ್ಲ. ಕೆಳಗೆ ತೋಟ ಮಾಡಿಕೊಂಡವನಿಗೆ ಅದು ಹೆಚ್ಚು, ಮೇಲಿನ ಬರೆಯ ಅಂಚಿನಲ್ಲಿ ದಾರಿ ಕಡಿಯುವವನಿಗೆ ಅದು ಅಪಾಯಕರವಾಗಿ ಕಡಿಮೆ. ರೇಖೆಗಳ ಒತ್ತು ಬದಲಾಗುವ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಅಡ್ಡ ಗುರುತು ಹಾಕಿ, ಆ ತುಂಡುಗಳ ಇಳಿಜಾರನ್ನು ಬೇರೆ ಬೇರೆಯಾಗಿ ಬರೆಯುವುದನ್ನು ನಾನು ಯಾರಿಗೂ ಐಚ್ಛಿಕವೆಂದು ಹೇಳಲಾರೆ. ತುಂಡುಗಳಿಂದ ಮತ್ತೆ ಸರಾಸರಿ ಬೇಕಾದರೆ 16.7 ಮತ್ತು 50ನ್ನು ಕೂಡಿಸಿ ಎರಡರಿಂದ ಭಾಗಿಸಬಾರದು. ಹಾಗೆ ಮಾಡಿದರೆ 33 ಬರುತ್ತದೆ. ಒಟ್ಟು ಏರಿಕೆಯನ್ನು ಒಟ್ಟು ದೂರದಿಂದ ಭಾಗಿಸುವುದೇ ಸರಿ.

ರಸ್ತೆ, ರೈಲಿನ ಲೆಕ್ಕ

ಘಾಟಿ ರಸ್ತೆಯ ಇಳಿಜಾರು ಶೇಕಡಾ 20, 25 ಎಂದು ಬಂದರೆ ಸ್ಕೇಲು ತಿರುವುಗಳನ್ನು ಕತ್ತರಿಸಿ ನೇರ ಹೋಗಿದೆಯೆಂದು ಅರ್ಥ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಗುಡ್ಡಗಾಡು ರಸ್ತೆಗೆ ವಿಧಿಸಿರುವ ಸಾಮಾನ್ಯ ಇಳಿಜಾರು ಶೇಕಡಾ 5, ಕಡಿದಾದ ನೆಲದಲ್ಲಿ ಶೇಕಡಾ 6. ಅನಿವಾರ್ಯವಾದ ಚಿಕ್ಕ ತುಂಡುಗಳಲ್ಲೂ ಶೇಕಡಾ 8 ಮೀರುವಂತಿಲ್ಲ. ಹಳೆಯ ಘಾಟಿಗಳಲ್ಲಿ ಇದಕ್ಕಿಂತ ಕಡಿದಾದ ತಿರುವುಗಳಿರಬಹುದು, ಆದರೆ ಇಡೀ ಘಾಟಿಯ ಸರಾಸರಿ ಅದರ ಹತ್ತಿರಕ್ಕೂ ಬರುವುದಿಲ್ಲ. ದಾರವನ್ನು ರಸ್ತೆಯ ಮೇಲೆ ತಿರುವುತಿರುವಾಗಿ ಹಾಸಿ, ನಂತರ ಅದನ್ನು ನೇರ ಮಾಡಿ ಅಳೆಯಬೇಕು. ಹಿಮ್ಮುರಿ ತಿರುವುಗಳನ್ನು ಈ ಪ್ರಮಾಣದಲ್ಲಿ ಪೂರ್ತಿ ಬಿಡಿಸಲಾಗದ ಕಾರಣ ದಾರದ ಅಳತೆಯೂ ಸ್ವಲ್ಪ ಕಡಿಮೆಯೇ ಬರುತ್ತದೆ.

ನಮ್ಮ ಘಟ್ಟದಲ್ಲಿ ಕೈ ಪರೀಕ್ಷಿಸಿಕೊಳ್ಳಲು ಒಳ್ಳೆಯ ಗೆರೆಯೆಂದರೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲುಮಾರ್ಗ. ಸುಮಾರು 55 ಕಿಲೋಮೀಟರಿನ ಈ ಘಟ್ಟದ ಭಾಗವನ್ನು ಐವತ್ತಕ್ಕೆ ಒಂದು, ಅಂದರೆ ಶೇಕಡಾ 2ರ ಇಳಿಜಾರಿಗೆ ಕಟ್ಟಲಾಗಿದೆ. ನಿಮ್ಮ ಲೆಕ್ಕ ಅದಕ್ಕಿಂತ ಕಡಿದಾಗಿ ಬಂದರೆ ತಪ್ಪು ನಿಮ್ಮದೇ. ಒಂದು ಎಚ್ಚರಿಕೆಯೆಂದರೆ ಈ ಮಾರ್ಗದಲ್ಲಿ 57 ಸುರಂಗಗಳಿವೆ, ಮತ್ತು ಸುರಂಗದ ಮೇಲೆ ಹಾಯುವ ಸಮೋನ್ನತಿ ರೇಖೆ ಗುಡ್ಡದ ಎತ್ತರವನ್ನು ಹೇಳುತ್ತದೆಯೇ ಹೊರತು ಹಳಿಯದ್ದನ್ನಲ್ಲ. ಹಳಿ ಬಯಲಿಗೆ ಬಂದ ಕಡೆ, ನಿಲ್ದಾಣಗಳ ಬಳಿ ಮಾತ್ರ ಎತ್ತರ ತೆಗೆದುಕೊಳ್ಳಬೇಕು.

ಗಣಕ ಎಲ್ಲವನ್ನೂ ಗೋಡೆಯೆಂದಾಗ

ಉಪಗ್ರಹ ದತ್ತಾಂಶದಿಂದ ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಇಳಿಜಾರಿನ ಪದರ ತಯಾರಿಸಿದಾಗ ಇಡೀ ತಾಲ್ಲೂಕು 89 ಡಿಗ್ರಿ ಎಂದು ಬಂದರೆ ಕಾರಣ ಒಂದೇ: ಎತ್ತರ ಮೀಟರಿನಲ್ಲಿದೆ, ದೂರ ಅಕ್ಷಾಂಶ–ರೇಖಾಂಶದ ಡಿಗ್ರಿಯಲ್ಲಿದೆ. ಒಂದು ಲಕ್ಷ ಮೀಟರಿಗೂ ಮೀರಿದ ದೂರವನ್ನು ತಂತ್ರಾಂಶ 1 ಎಂದು ಓದುತ್ತದೆ. ಪದರವನ್ನು ಮೊದಲು ಮೀಟರ್ ಆಧಾರಿತ ಪ್ರಕ್ಷೇಪಕ್ಕೆ (ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನಕ್ಕೆ) ಬದಲಿಸಬೇಕು. ಕರ್ನಾಟಕದ ಬಹುಭಾಗಕ್ಕೆ ಅದು ಯುಟಿಎಂ 43 ಉತ್ತರ ವಲಯ, 78 ಡಿಗ್ರಿ ರೇಖಾಂಶಕ್ಕಿಂತ ಪೂರ್ವಕ್ಕಿರುವ ಕೋಲಾರದಂತಹ ಕಡೆಗೆ 44. ಇದಕ್ಕೆ ವಿರುದ್ಧವಾದ ದೋಷವೂ ಇದೆ. ಸುಮಾರು 30 ಮೀಟರ್ ಚೌಕಗಳ, ಬಾಹ್ಯಾಕಾಶದಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ದತ್ತಾಂಶವು 10 ಮೀಟರ್ ಅಗಲದ ಬರೆಯನ್ನು ಸವರಿ ನುಣುಪಾಗಿಸುತ್ತದೆ. ಎತ್ತರದ ಮರಗಳಿರುವ ತೋಟದ ಅಂಚಿನಲ್ಲಿ ಮರಗಳ ತಲೆಯತ್ತ ವಾಲಿ, ಇಲ್ಲದ ಇಳಿಜಾರನ್ನು ತೋರಿಸುತ್ತದೆ.

ನಕ್ಷೆಯ ಮಿತಿ ಎಲ್ಲಿ ಆರಂಭವಾಗುತ್ತದೆ

ಮೇಲಿನ ಯಾವುದೂ ಕಾರಣವಲ್ಲದೆ ಉತ್ತರ ಇನ್ನೂ ತೂಗಾಡುತ್ತಿದ್ದರೆ ನೀವು ನಕ್ಷೆಯಿಂದ ಅದಕ್ಕೆ ಸಾಧ್ಯವಿಲ್ಲದ್ದನ್ನು ಕೇಳುತ್ತಿರಬಹುದು. ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಓದುವುದು ಸಹಜ. ನೆಲದಲ್ಲಿ ಅದು 25 ಮೀಟರ್. ನಮ್ಮ ಗುಡ್ಡದಲ್ಲಿ ಇದನ್ನೂ ಎತ್ತರದಲ್ಲಿ 10 ಮೀಟರಿನ ಅನಿಶ್ಚಿತತೆಯನ್ನೂ ಸೇರಿಸಿದರೆ ಶೇಕಡಾ 25 ಎಂಬುದು 23ರಿಂದ 27ರ ನಡುವೆ ಎಲ್ಲಿಯಾದರೂ ಇರಬಹುದು. ಎರಡು ಮಿಲಿಮೀಟರ್ ಅಂತರದ ಎರಡೇ ರೇಖೆಗಳನ್ನು ಹಿಡಿದರೆ ಶೇಕಡಾ 20 ಎಂಬುದು, ದೂರದ ತಪ್ಪೊಂದರಿಂದಲೇ, 16ರಿಂದ 27ರವರೆಗೆ ಓಡಾಡುತ್ತದೆ. ಅಂತಹ ಉತ್ತರಕ್ಕೆ ದಶಮಾಂಶ ಹಚ್ಚುವುದು ಓದುವವರನ್ನು ದಾರಿ ತಪ್ಪಿಸುತ್ತದೆ.

ಎರಡು ರೇಖೆಗಳ ನಡುವೆ ನೆಲ ಏನು ಮಾಡುತ್ತದೆಂದು ನಕ್ಷೆ ಹೇಳುವುದಿಲ್ಲ. ಕರಾವಳಿಯ ಜಂಬಿಟ್ಟಿಗೆಯ ಗುಡ್ಡಗಳಲ್ಲಿ ಮೇಲೆ ಚಪ್ಪಟೆ, ಅಂಚಿನಲ್ಲಿ ಏಕಾಏಕಿ ಕಡಿದು. ಅಲ್ಲಿ 15 ಮೀಟರ್ ಎತ್ತರದ ಬರೆಯೊಂದು 20 ಮೀಟರಿನ ರೇಖೆಗಳ ನಡುವೆ ಸುಳಿವು ಕೊಡದೆ ಅಡಗಬಲ್ಲದು. ಬಯಲುಸೀಮೆಯ ಕಷ್ಟ ಇದಕ್ಕೆ ವಿರುದ್ಧ: ಶೇಕಡಾ 1ರ ಹೊಲದಲ್ಲಿ ಒಂದು ರೇಖೆಯಿಂದ ಮುಂದಿನದಕ್ಕೆ ಎರಡು ಕಿಲೋಮೀಟರ್, ನಕ್ಷೆಯ ಮೇಲೆ 4 ಸೆಂಟಿಮೀಟರ್. ಆ ನಾಲ್ಕು ಸೆಂಟಿಮೀಟರಿನೊಳಗೆ ನೂರಾರು ಎಕರೆ ಜಮೀನು ಕೂತಿರುತ್ತದೆ, ಒಂದೊಂದಕ್ಕೂ ತನ್ನದೇ ವಾಟ ಇರುತ್ತದೆ. ಬದು ಹಾಕಲು, ಕೃಷಿಹೊಂಡದ ಜಾಗ ಗುರುತಿಸಲು ಅಲ್ಲಿ ಟೊಪೊಶೀಟಿನ ಅಂಕಿಯನ್ನು ಬಳಸಬಾರದು. ಡಂಪಿ ಲೆವೆಲ್ (ಎತ್ತರದ ವ್ಯತ್ಯಾಸ ಅಳೆಯುವ ದೂರದರ್ಶಕ ಉಪಕರಣ) ಸಿಗದಿದ್ದರೆ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಗಾಳಿಗುಳ್ಳೆ ಉಳಿಯದಂತೆ ನೋಡಿಕೊಂಡು, 30 ಮೀಟರ್ ಅಂತರದಲ್ಲಿ ಎರಡು ಕೋಲುಗಳಿಗೆ ಹಿಡಿದಾಗ ನೆಲದಿಂದ ನೀರಿನ ಮಟ್ಟದ ಎತ್ತರ ಎರಡು ಕಡೆ 30 ಸೆಂಟಿಮೀಟರ್ ವ್ಯತ್ಯಾಸ ತೋರಿದರೆ ಅಲ್ಲಿನ ವಾಟ ಶೇಕಡಾ 1.